ಇಬ್ನ್ ಖಲ್ದೂನ್ ಹೇಳಿದ್ದು ‘ತೆರಿಗೆ ಇಳಿಸಿ’ ಅಂತಷ್ಟೇನಾ?

(ಎಂ.ಎ. ಇತಿಹಾಸ ಗೆಳೆಯರ ಗುಂಪು)

ಪ್ರಕಾಶ: [ಫಾರ್ವರ್ಡ್] ತೆರಿಗೆ ಇಳಿಸಿದರೆ ಬೊಕ್ಕಸ ತುಂಬುತ್ತದೆ ಎಂದು 1377ರಲ್ಲೇ ಬರೆದಿಟ್ಟ ಉತ್ತರ ಆಫ್ರಿಕಾದ ಅರಬ್ ಇತಿಹಾಸಕಾರ ಇಬ್ನ್ ಖಲ್ದೂನ್! 1981ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಕೂಡ ಇವನ ಹೆಸರು ಎತ್ತಿದ್ದರು.

ಸುಮಾ: ಅರ್ಧ ಮಾತು ಕಣೋ ಇದು. ಅವನ ‘ಮುಖದ್ದಿಮಾ’ ಪುಸ್ತಕದ ಮೂರನೇ ಅಧ್ಯಾಯ ತೆಗಿ. ರಾಜವಂಶದ ಆರಂಭದಲ್ಲಿ ದರ ಕಡಿಮೆ, ವಸೂಲಿ ಜಾಸ್ತಿ; ಕೊನೆಗಾಲದಲ್ಲಿ ಉಲ್ಟಾ. ಇಷ್ಟು ಸರಿ. ಆದರೆ ಆರಂಭದಲ್ಲಿ ದರ ಯಾಕೆ ಕಡಿಮೆ? ಜಕಾತ್ (ಮುಸ್ಲಿಮರ ಕಡ್ಡಾಯ ದಾನ), ಖರಾಜ್ (ಭೂಕಂದಾಯ), ಜಿಜಿಯಾ (ಮುಸ್ಲಿಮೇತರರ ತಲೆಗಂದಾಯ) ಇವಕ್ಕೆ ಶರಿಯತ್ತೇ ಮಿತಿ ಹಾಕಿದೆ. ಮೇಲಾಗಿ ಮರುಭೂಮಿಯಿಂದ ಬಂದು ಗದ್ದುಗೆ ಹಿಡಿದವರಿಗೆ ಖರ್ಚೇ ಕಮ್ಮಿ.

ಪ್ರಕಾಶ: ಕಾರಣ ಏನೇ ಇರಲಿ. ಹೊರೆ ಹಗುರಾದರೆ ಜನ ಹುರುಪಿನಿಂದ ದುಡೀತಾರೆ, ಸಾಗುವಳಿ ಹೆಚ್ಚುತ್ತೆ, ಅದರಿಂದ ಒಟ್ಟು ವಸೂಲಿಯೂ ಏರುತ್ತೆ ಅಂತ ಅವನೇ ಬರೆದಿದ್ದಾನಲ್ಲ?

ಸುಮಾ: ಬರೆದಿದ್ದಾನೆ, ಒಪ್ಪಿದೆ. ಆದರೆ ರೋಗ ಹುಟ್ಟೋದು ಅರಮನೆಯ ಖರ್ಚಿನಲ್ಲಿ. ಭೋಗ ಬೆಳೀತು, ಸೈನಿಕರ ಸಂಬಳ ಏರಿತು, ಬೊಕ್ಕಸ ಸಾಲಲಿಲ್ಲ, ಊರಬಾಗಿಲಲ್ಲಿ, ಸಂತೆಯಲ್ಲಿ ಸುಂಕ ಬಂತು. ಚೂರುಚೂರೇ ಏರೋದರಿಂದ ಏರಿಸಿದ್ದು ಯಾರು ಅಂತಲೂ ಗೊತ್ತಾಗಲ್ಲ. ಕಟ್ಟಿದ್ದೆಷ್ಟು, ಉಳಿದಿದ್ದೆಷ್ಟು ಅಂತ ತೂಗಿ ನೋಡಿದ ರೈತ ಉಳೋದನ್ನೇ ಬಿಡ್ತಾನೆ. ವಸೂಲಿ ಬಿತ್ತು ಅಂತ ದರ ಇನ್ನೂ ಏರಿಸ್ತಾರೆ.

ಇಕ್ಬಾಲ್: ಸುಲ್ತಾನನೇ ವ್ಯಾಪಾರಕ್ಕಿಳಿದಾಗ ಏನಾಗುತ್ತೆ ಅನ್ನೋ ಭಾಗ ನನಗೆ ಎಲ್ಲಕ್ಕಿಂತ ಮುಖ್ಯ. ಅಧಿಕಾರದ ಬಲದಿಂದ ಅಗ್ಗಕ್ಕೆ ಕೊಳ್ತಾನೆ, ಅದನ್ನೇ ವರ್ತಕರ ತಲೆಗೆ ದುಬಾರಿಗೆ ಕಟ್ತಾನೆ. ಸರಕು ಅಂಗಡಿಯಲ್ಲೇ ಕೊಳೆಯುತ್ತೆ. ಕೈಯಲ್ಲಿ ಕಾಸಿಲ್ಲದೆ ವರ್ತಕ ನಷ್ಟಕ್ಕೆ ಮಾರ್ತಾನೆ. ಎರಡು ಮೂರು ಸಲ ಹೀಗಾದರೆ ಬಂಡವಾಳವೇ ಕರಗಿ ಅಂಗಡಿ ಮುಚ್ತಾನೆ. ಅವನಿಂದ ಬರ್ತಿದ್ದ ಸುಂಕವೂ ಹೋಯ್ತು.

ಪ್ರಕಾಶ: ಹಾಗಾದರೆ ಸರ್ಕಾರ ಕೈಕಟ್ಟಿ ಕೂರಬೇಕು ಅಂತ ತಾನೇ ಅರ್ಥ?

ಇಕ್ಬಾಲ್: ಇಲ್ಲ ಮಾರಾಯ. ರಾಜ್ಯವೇ ಎಲ್ಲಕ್ಕಿಂತ ದೊಡ್ಡ ಮಾರುಕಟ್ಟೆ ಅಂತಾನೆ ಅವನು. ಸುಲ್ತಾನ ಹಣ ಹೂತಿಟ್ಟು ಸೈನ್ಯದ, ಪರಿವಾರದ ಭತ್ಯೆ ಕಡಿದರೆ ಅವರು ಕೊಳ್ಳೋದು ನಿಲ್ಲುತ್ತೆ, ಪೇಟೆ ಸೊರಗುತ್ತೆ, ತೆರಿಗೆಯೂ ಇಳಿಯುತ್ತೆ. ನಿನ್ನ ಫಾರ್ವರ್ಡಿನಲ್ಲಿ ಈ ಮಾತು ಎಲ್ಲಿದೆ?

ಪ್ರಕಾಶ: ಆದರೂ ಈಜಿಪ್ಟಿನ ಸುಲ್ತಾನ ಸಲಾಹುದ್ದೀನ್ ಸುಂಕ ರದ್ದು ಮಾಡಿದ್ದನ್ನ ಹೊಗಳ್ತಾನೆ.

ಸುಮಾ: ಹೌದು, ಮಗ್ರಿಬ್‌ನ (ವಾಯವ್ಯ ಆಫ್ರಿಕಾದ) ದೊರೆ ಯೂಸುಫ್ ಇಬ್ನ್ ತಾಶ್‌ಫೀನ್ ಹೆಸರೂ ಹೇಳ್ತಾನೆ. ಇಬ್ಬರೂ ಹೊಸ ವಂಶದ ಆರಂಭದವರು, ಗಮನಿಸು. ತಲೆಮಾರಿಗೆ 40 ವರ್ಷ, ವಂಶಕ್ಕೆ ಸುಮಾರು 120 ಅನ್ನೋದು ಅವನ ಲೆಕ್ಕ. ಮೂರನೇ ತಲೆಮಾರಿನ ಹೊತ್ತಿಗೆ ‘ಅಸಬಿಯ್ಯಾ’, ಅಂದರೆ ಕುಲದ ಒಗ್ಗಟ್ಟು, ಸತ್ತಿರುತ್ತೆ. ಕೂಲಿ ಸೈನ್ಯಕ್ಕೆ ಸಂಬಳ ಕೊಡಲೇಬೇಕು. ಆಗ ದರ ಇಳಿಸೋ ಶಕ್ತಿ ಯಾರಿಗಿದೆ?

ಪ್ರಕಾಶ: ದರದ ಮಾತು ನಾನು ಬಿಡಲ್ಲ. ಮಾರುಕಟ್ಟೆಯ ಸಾಲನ್ನೂ ಸೇರಿಸಿ ಮತ್ತೆ ಹಾಕ್ತೀನಿ. ಯಾವ ಪ್ರಕರಣ ಅದು?

ಇಕ್ಬಾಲ್: ಸುಲ್ತಾನನ ವ್ಯಾಪಾರದ್ದು ಮುಗಿದ ಮೇಲೆ ಒಂದು ಬಿಟ್ಟು ಮುಂದಿನದು.