ನಿಂಬೆಯೊಡನೆ ಎಳೆಗರುವಿನ ಶ್ನಿಟ್ಸೆಲ್: ಬ್ರೆಡ್ ಪುಡಿಯ ಕವಚ ಮಾಂಸದಿಂದ ಕಳಚಿಕೊಳ್ಳುವುದೇಕೆ?

ಹದಪಾಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎಳೆಗರುವಿನ ಮಾಂಸದ ತೆಳು ಹೋಳುಗಳಿಗೆ ಮೈದಾ, ಮೊಟ್ಟೆ ಹಾಗೂ ಬ್ರೆಡ್ ಪುಡಿಯ ಲೇಪ ಕೊಟ್ಟು ಕರಿದು, ನಿಂಬೆಹಣ್ಣಿನೊಡನೆ ತಿನ್ನುವ ಶ್ನಿಟ್ಸೆಲ್ ನಮ್ಮ ಮನೆಯಲ್ಲಿ ಎಲ್ಲರಿಗೂ ಪ್ರಿಯವಾದದ್ದು. ರುಚಿಯ ಬಗ್ಗೆ ಯಾರದೂ ತಕರಾರಿಲ್ಲ. ತಕರಾರಿರುವುದು ಕವಚದ ಬಗ್ಗೆ. ಬಾಣಲೆಯಿಂದ ತೆಗೆಯುವಾಗ ಹೊಂಬಣ್ಣಕ್ಕೆ ತಿರುಗಿ ಗರಿಗರಿಯಾಗಿರುವ ಲೇಪ, ತಟ್ಟೆಯಲ್ಲಿ ಚಾಕು ತಾಗಿದೊಡನೆ ಹಾಳೆಯಂತೆ ಎದ್ದು ಬರುತ್ತದೆ, ಮಾಂಸ ಬರಿಮೈಯಾಗಿ ಉಳಿಯುತ್ತದೆ. ಅಡಿಯ ಬದಿಯಂತೂ ಅಷ್ಟರಲ್ಲಿ ಮೆತ್ತಗಾಗಿರುತ್ತದೆ.

ನಾನು ಅನುಸರಿಸುವ ಕ್ರಮ ಹೀಗಿದೆ. ಮಾಂಸವನ್ನು ತೊಳೆದು, ಉಪ್ಪು, ಕಾಳುಮೆಣಸಿನ ಪುಡಿ, ನಿಂಬೆರಸ ಹಚ್ಚಿ ಅರ್ಧ ಗಂಟೆ ಇಡುತ್ತೇನೆ. ಬಳಿಕ ಮೈದಾ, ಮೊಟ್ಟೆ, ಬ್ರೆಡ್ ಪುಡಿಯಲ್ಲಿ ಕ್ರಮವಾಗಿ ಹೊರಳಿಸಿ, ಪುಡಿ ಉದುರದಂತೆ ಅಂಗೈಯಿಂದ ಬಲವಾಗಿ ಒತ್ತುತ್ತೇನೆ. ಎರಡು ಮೂರು ದೊಡ್ಡ ಚಮಚ ಬೆಣ್ಣೆಯಲ್ಲಿ ಎರಡೂ ಬದಿ ಬೇಯಿಸಿ, ಕಾಗದದ ಮೇಲೆ ಒಂದರ ಮೇಲೊಂದು ಇಟ್ಟು, ಬಡಿಸುವ ಮೊದಲು ಎಲ್ಲದರ ಮೇಲೂ ನಿಂಬೆರಸ ಹಿಂಡುತ್ತೇನೆ. ಇವುಗಳಲ್ಲಿ ಯಾವ ಹಂತದಿಂದ ಕವಚ ಕೆಡುತ್ತಿದೆ ಎಂಬುದನ್ನೂ, ನಿಂಬೆಯನ್ನು ನಿಜವಾಗಿ ಯಾವ ಹೊತ್ತಿನಲ್ಲಿ ಬಳಸಬೇಕು ಎಂಬುದನ್ನೂ ಅನುಭವವುಳ್ಳವರು ತಿಳಿಸಿಕೊಡಬೇಕಾಗಿ ವಿನಂತಿ.

ಮಂದಉರಿ

ನಿಮ್ಮ ಕ್ರಮದಲ್ಲಿ ಒಂದೇ ಹಂತವನ್ನು ಹಿಡಿದು ದೂರುವಂತಿಲ್ಲ, ಆದರೆ ಬಹುಪಾಲು ತೊಂದರೆಗಳ ಮೂಲ ಒಂದೇ, ಅದು ನೀರು. ತೊಳೆದ ಮಾಂಸದ ಮೇಲಿನ ನೀರು, ಉಪ್ಪು ಅರ್ಧ ಗಂಟೆಯಲ್ಲಿ ಮಾಂಸದೊಳಗಿನಿಂದ ಎಳೆದು ತಂದ ನೀರು, ನಿಂಬೆರಸದ ನೀರು, ಇವೆಲ್ಲ ಸೇರಿ ಮೈದಾವನ್ನು ಲೇಪವಾಗಿಸುವ ಬದಲು ಗಂಜಿಯಾಗಿಸುತ್ತವೆ. ಕಳಚಿ ಬಂದ ಕವಚದ ಒಳಮೈಯನ್ನು ಬೆರಳಿನಿಂದ ಮುಟ್ಟಿ ನೋಡಿರಿ. ಅಲ್ಲಿ ಬೆಳ್ಳಗೆ ಅಂಟಂಟಾದ ಪೊರೆ ಸಿಕ್ಕಿದರೆ ಅದು ಬೇಯದೆ ಉಳಿದ ಆ ಗಂಜಿಯೇ, ಕವಚ ಜಾರುವುದು ಅದರ ಮೇಲೆ.

ನಿಂಬೆರಸದಲ್ಲಿ ನೆನೆಸುವುದನ್ನು ಮೊದಲು ಬಿಟ್ಟುಬಿಡಿ. ಗಟ್ಟಿಯಾದ ಮಾಂಸಕ್ಕೆ ಹುಳಿಯ ನೆರವು ಬೇಕಾಗಬಹುದು; ಎಳೆಗರುವಿನ ಮಾಂಸ ಸ್ವಭಾವತಃ ಮೃದು, ಅದರಲ್ಲೂ ಐದು ಮಿಲಿಮೀಟರಿನ ಹೋಳಿನಲ್ಲಿ ಹುಳಿ ಮಾಡುವ ಕೆಲಸವೆಂದರೆ ಹೊರಮೈಯನ್ನು ಬಿಳಿಚಿಸಿ ಮೆತ್ತಗಾಗಿಸುವುದು ಮಾತ್ರ. ಹೋಳುಗಳನ್ನು ಕಾಗದದಿಂದ ಒತ್ತಿ ಒರೆಸಿ, ಉಪ್ಪನ್ನು ಲೇಪ ಕೊಡುವ ಕ್ಷಣದಲ್ಲಿಯೇ ಉದುರಿಸಿದರೆ ಅದು ನೀರು ಎಳೆಯುವಷ್ಟು ಸಮಯ ಸಿಗುವುದಿಲ್ಲ.

ಮಾಂಸದ ಆಯ್ಕೆಯೂ ಮುಖ್ಯ. ತೊಡೆಯ ಒಳಭಾಗದ, ಪೊರೆ ಮತ್ತು ನರಗಳಿಲ್ಲದ ತುಂಡನ್ನು ಎಳೆಗಳಿಗೆ ಅಡ್ಡವಾಗಿ ಕತ್ತರಿಸಿಸಿಕೊಳ್ಳಬೇಕು. ಅಂಚಿನಲ್ಲಿ ಪೊರೆ ಉಳಿದಿದ್ದರೆ ಅದು ಬಿಸಿಗೆ ಕುಗ್ಗಿ ಹೋಳನ್ನು ಬಟ್ಟಲಿನಂತೆ ಬಾಗಿಸುತ್ತದೆ. ಬಾಗಿದ ಹೋಳಿನ ನಡುಭಾಗಕ್ಕೆ ಬಿಸಿ ಸಮನಾಗಿ ತಾಗದೆ ಅಲ್ಲಿನ ಕವಚ ಹಸಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಅಂಚಿಗೆ ಅಲ್ಲಲ್ಲಿ ಚಾಕುವಿನ ಸಣ್ಣ ಗೀರು ಹಾಕಿರಿ. ಬಳಿಕ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು, ಲಟ್ಟಣಿಗೆಯಿಂದಲೋ ಮಾಂಸ ಬಡಿಯುವ ಸುತ್ತಿಗೆಯ ಚಪ್ಪಟೆ ಬದಿಯಿಂದಲೋ, ನಡುವಿನಿಂದ ಅಂಚಿನತ್ತ ಮೆಲ್ಲಗೆ ತಟ್ಟುತ್ತ ನಾಲ್ಕರಿಂದ ಆರು ಮಿಲಿಮೀಟರಿಗೆ ತನ್ನಿರಿ. ಹಲ್ಲುಗಳಿರುವ ಬದಿಯನ್ನು ಬಳಸಿದರೆ ಎಳೆಗಳು ಹರಿದು ರಸ ಸೋರುತ್ತದೆ, ಮತ್ತೆ ನೀರಿನ ಕಥೆಯೇ.

ಮೈದಾವನ್ನು ಹಚ್ಚಿದ ಮೇಲೆ ಹೋಳನ್ನು ಎತ್ತಿ ಕೊಡವಿ, ಮೈಮೇಲೆ ಮಂಜು ಕವಿದಷ್ಟು ಮಾತ್ರ ಉಳಿಸಿಕೊಳ್ಳಿ. ಮೊಟ್ಟೆಯನ್ನು ಫೋರ್ಕಿನಿಂದ ಬಿಳಿ, ಹಳದಿ ಬೆರೆಯುವಷ್ಟು ಕಲಕಿದರೆ ಸಾಕು, ನೊರೆ ಬರಿಸಬೇಡಿ. ಒಣಗಿದ ಬಿಳಿ ಬ್ರೆಡ್ಡಿನಿಂದ ಮಾಡಿದ ಪುಡಿ ಒಳ್ಳೆಯದು. ಸಿಹಿ ಬ್ರೆಡ್ಡಿನದಾದರೆ ಅದರಲ್ಲಿನ ಸಕ್ಕರೆ ಬೇಗ ಕಪ್ಪಾಗುತ್ತದೆ. ಲೇಪ ಕೊಟ್ಟೊಡನೆ ಕರಿಯಬೇಕು. ಕಾಯುತ್ತ ಕುಳಿತ ಹೋಳಿನ ಪುಡಿ ಮೊಟ್ಟೆಯನ್ನು ಹೀರಿಕೊಂಡು ರೊಟ್ಟಿಯಂತಾಗುತ್ತದೆ.

ತುಪ್ಪದಕೈ

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ನನ್ನ ಅನುಮಾನ ಮೊದಲು ಹೋಗುವುದು ಆ ಎರಡು ಮೂರು ಚಮಚ ಬೆಣ್ಣೆಯ ಮೇಲೆ. ಬೆಣ್ಣೆಯಲ್ಲಿ ನೂರಕ್ಕೆ ಹದಿನಾರರಷ್ಟು ನೀರಿರುತ್ತದೆ, ಜೊತೆಗೆ ಹಾಲಿನ ಘನಾಂಶವೂ ಇರುತ್ತದೆ. ನೀರು ಆವಿಯಾಗುವ ತನಕ ಬಾಣಲೆ ಬಿಸಿಯೇರುವುದಿಲ್ಲ. ಏರಿದ ಮೇಲೆ 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಘನಾಂಶ ಸೀದು ಕಪ್ಪಾಗುತ್ತದೆ. ಶ್ನಿಟ್ಸೆಲ್ಲಿಗೆ ಬೇಕಾದ ಬಿಸಿ 170 ಡಿಗ್ರಿ. ಕಾಯಿಸಿ ಸೋಸಿದ ತುಪ್ಪ ಇದಕ್ಕಿಂತ ಎಷ್ಟೋ ಹೆಚ್ಚಿನ ಬಿಸಿಯನ್ನು ತಡೆದುಕೊಳ್ಳುವುದರಿಂದ, ಬೆಣ್ಣೆಯ ಪರಿಮಳ ಬೇಕೆನ್ನುವವರಿಗೆ ತುಪ್ಪವೇ ಸರಿ. ಪೂರ್ತಿ ತುಪ್ಪ ದುಬಾರಿ ಎನಿಸಿದರೆ ವಾಸನೆಯಿಲ್ಲದ ಎಣ್ಣೆಗೆ ಒಂದು ಪಾಲು ತುಪ್ಪ ಬೆರೆಸಿರಿ.

ಅಳತೆಯಲ್ಲಿ ಜಿಪುಣತನ ಮಾಡಬೇಡಿ. ಅಗಲವಾದ ಬಾಣಲೆಯಲ್ಲಿ ಒಂದೂವರೆಯಿಂದ ಎರಡು ಸೆಂಟಿಮೀಟರ್ ಆಳ ಇರಬೇಕು, ಹೋಳು ತೇಲಬೇಕು. ತಳಕ್ಕೆ ತಾಗಿ ಕುಳಿತ ಹೋಳಿನ ಅಡಿಯಲ್ಲಿ ಆವಿ ಹೊರಹೋಗಲು ದಾರಿಯಿಲ್ಲದೆ ಪುಡಿ ಬೆಂದು ಮೆತ್ತಗಾಗುತ್ತದೆ. ಒಂದು ಚಿಟಿಕೆ ಬ್ರೆಡ್ ಪುಡಿ ಹಾಕಿ ನೋಡಿದಾಗ ಅದು ಮುಳುಗದೆ ಕೂಡಲೇ ಸುತ್ತಲೂ ಸಣ್ಣ ಗುಳ್ಳೆ ಎಬ್ಬಿಸಿದರೆ ಹದ ಬಂದಿದೆ ಎಂದು ತಿಳಿಯಿರಿ. ಕ್ಷಣದಲ್ಲೇ ಕಂದಿದರೆ ಬಿಸಿ ಹೆಚ್ಚಾಯಿತು.

ಅಂಗೈಯಿಂದ ಒತ್ತುವುದನ್ನೂ ನಿಲ್ಲಿಸಬೇಕು. ಶ್ನಿಟ್ಸೆಲ್ಲಿಗೆ ಹೆಸರಾದ ಆಸ್ಟ್ರಿಯದ ವಿಯೆನ್ನಾ ನಗರದ ಕ್ರಮದಲ್ಲಿ ಪುಡಿ ಸಡಿಲವಾಗಿಯೇ ಕೂರಬೇಕು, ಏಕೆಂದರೆ ಅಲ್ಲಿ ಕವಚ ಮಾಂಸಕ್ಕೆ ಅಂಟಿರುವುದೇ ಗುರಿಯಲ್ಲ, ಅದು ಅಲೆಅಲೆಯಾಗಿ ಉಬ್ಬಿ ನಿಲ್ಲಬೇಕು. ಇದರ ಒಳಗುಟ್ಟು ಸರಳವಾಗಿದೆ. ಬಿಸಿ ಕೊಬ್ಬು ತಾಗಿದೊಡನೆ ಮೊಟ್ಟೆಯ ಪದರ ಹೆಪ್ಪುಗಟ್ಟಿ ಬಿರುಕಿಲ್ಲದ ಪೊರೆಯಾಗುತ್ತದೆ, ಮಾಂಸದ ಮೈಯಿಂದ ಏಳುವ ಆವಿ ಆ ಪೊರೆಯನ್ನು ಒಳಗಿನಿಂದ ಮೇಲಕ್ಕೆತ್ತುತ್ತದೆ. ಮೇಲ್ಬದಿಯ ಮೊಟ್ಟೆಯೂ ಅಷ್ಟೇ ಬೇಗ ಹೆಪ್ಪುಗಟ್ಟಬೇಕಾದ್ದರಿಂದ ಬಾಣಲೆಯನ್ನು ಹಿಡಿದು ಮೆಲ್ಲಗೆ ಹಿಂದೆ ಮುಂದೆ ತೂಗುತ್ತ, ಬಿಸಿ ತುಪ್ಪ ಹೋಳಿನ ಮೇಲೆ ಹರಿಯುವಂತೆ ಮಾಡುತ್ತಾರೆ; ತುಪ್ಪ ತುಳುಕಿ ಉರಿಗೆ ಬೀಳುವ ಭಯವಿದ್ದರೆ ಚಮಚದಿಂದ ಮೇಲೆ ಎರೆಯುತ್ತ ಹೋಗಬಹುದು. ಒಂದೊಂದು ಬದಿಗೆ ಒಂದೂವರೆ ಎರಡು ನಿಮಿಷ ಸಾಕು, ಒಂದೇ ಸಲ ತಿರುವಿ ಹಾಕಿರಿ, ಫೋರ್ಕಿನಿಂದ ಚುಚ್ಚಬೇಡಿ.

ಹೀಗೆ ಉಬ್ಬಿದ ಕವಚದ ಒಳಮೈ ಒಣಗಿರುತ್ತದೆ, ಚಾಕು ಇಟ್ಟಾಗ ಮಾಂಸದ ಜೊತೆಗೇ ಕತ್ತರಿಸಿಕೊಳ್ಳುತ್ತದೆ. ನಿಮ್ಮಲ್ಲಿ ಆಗುತ್ತಿರುವುದು ಉಬ್ಬುವುದಲ್ಲ, ಜಾರುವುದು. ಎರಡರಲ್ಲೂ ಮಾಂಸಕ್ಕೂ ಕವಚಕ್ಕೂ ನಡುವೆ ಅಂತರವಿರುವುದರಿಂದ ಒಂದನ್ನು ಇನ್ನೊಂದೆಂದು ಭಾವಿಸಿ ಮತ್ತಷ್ಟು ಒತ್ತುವವರೇ ಹೆಚ್ಚು.

ಮೂಳೆಸಮೇತ

ವಿಯೆನ್ನಾದ ಮಾತೇ ಕೊನೆಯ ಮಾತು ಎಂಬಂತೆ ಚರ್ಚೆ ಸಾಗುತ್ತಿರುವುದರಿಂದ ಇಟಲಿಯ ಮಿಲಾನಿನ ಪರವಾಗಿ ನಾಲ್ಕು ಮಾತು ಬರೆಯುತ್ತೇನೆ. ಹದಪಾಕ ಅವರಿಗೆ ಕವಚ ಮಾಂಸಕ್ಕೆ ಅಂಟಿಕೊಂಡೇ ಇರಬೇಕೆಂಬ ಆಸೆಯಿದ್ದರೆ ಅದು ತಪ್ಪು ಆಸೆಯೇನಲ್ಲ. ಶ್ನಿಟ್ಸೆಲ್ಲನ್ನು ಹೋಲುವ ಮಿಲಾನಿನ ಪಾಕವಾದ ಕೊತೊಲೆತ್ತಾದ ಲಕ್ಷಣವೇ ಅದು. ಅಲ್ಲಿ ಬಳಸುವುದು ಬೆನ್ನಿನ ಭಾಗದ ಪಕ್ಕೆಲುಬಿನ ತುಂಡನ್ನು, ಮೂಳೆಯ ಸಮೇತ, ಮೂಳೆಯಷ್ಟೇ ದಪ್ಪವಾಗಿ. ಸಾಂಪ್ರದಾಯಿಕ ಕ್ರಮದಲ್ಲಿ ಮೈದಾ ಇಲ್ಲವೇ ಇಲ್ಲ. ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ ಪುಡಿಯಲ್ಲಿ ಇಟ್ಟು, ಅಂಗೈಯಿಂದ ಚೆನ್ನಾಗಿ ಒತ್ತಿ, ತುಪ್ಪದಲ್ಲಿ ಸ್ವಲ್ಪ ಕಡಿಮೆ ಉರಿಯಲ್ಲಿ ನಿಧಾನವಾಗಿ ಕರಿಯುತ್ತಾರೆ. ಮೂಳೆಯನ್ನು ತೆಗೆಯದೆ ಮಾಂಸವನ್ನು ಅಗಲಕ್ಕೆ ಬಡಿದು ಮಾಡುವ ತೆಳು ಬಗೆಯೂ ಅಲ್ಲಿದೆ, ಅದನ್ನು ಆನೆಯ ಕಿವಿ ಎಂದೇ ಕರೆಯುತ್ತಾರೆ. ನೋಡಲು ಸೊಗಸು, ನನಗಂತೂ ಅದರಲ್ಲಿ ಮಾಂಸಕ್ಕಿಂತ ಪುಡಿಯೇ ಹೆಚ್ಚು ಎನಿಸುತ್ತದೆ.

ದಪ್ಪ ತುಂಡನ್ನು ಮಾಡುವವರು ಕವಚದ ಬಣ್ಣವನ್ನು ನಂಬಬಾರದು, ಹೊರಗೆ ಹೊಂಬಣ್ಣ ಬಂದರೂ ಮೂಳೆಯ ಬಳಿ ಹಸಿ ಇರಬಹುದು. ಮಾಂಸದ ಥರ್ಮಾಮೀಟರನ್ನು ಮೂಳೆಗೆ ತಾಗದಂತೆ ಚುಚ್ಚಿ 63 ಡಿಗ್ರಿ ಬಂದುದನ್ನು ನೋಡಿ, ಇಳಿಸಿದ ಮೇಲೆ ಮೂರು ನಿಮಿಷ ಬಿಡಬೇಕು ಎಂಬುದು ಅಮೆರಿಕದ ಕೃಷಿ ಇಲಾಖೆಯ ಸೂಚನೆ. ತೆಳು ಹೋಳಿಗೆ ಈ ಚಿಂತೆಯಿಲ್ಲ, ಕವಚ ಕೆಂಪಾಗುವಷ್ಟರಲ್ಲಿ ಒಳಗೆ ಬೆಂದಿರುತ್ತದೆ.

ಎರಡು ಊರುಗಳ ಜಗಳ ಹಳೆಯದು. ಆಸ್ಟ್ರಿಯದ ಸೇನಾಪತಿ ರಾಡೆಟ್ಸ್‌ಕಿ ಮಿಲಾನಿನಿಂದ ಈ ಪಾಕವನ್ನು ವಿಯೆನ್ನಾಕ್ಕೆ ಒಯ್ದನೆಂಬ ಕಥೆಯನ್ನು ಪಾಕಪುಸ್ತಕಗಳು ಒಂದನ್ನು ನೋಡಿ ಇನ್ನೊಂದು ಬರೆದುಕೊಂಡಿವೆ, ಆದರೆ ಅದಕ್ಕೆ ನಂಬತಕ್ಕ ಆಧಾರವಿಲ್ಲ. ಹೆಸರಿನ ವಿಷಯದಲ್ಲಿ ಮಾತ್ರ ಆಸ್ಟ್ರಿಯ ಕಟ್ಟುನಿಟ್ಟು: ಬರಿದೇ ವೀನರ್ (ಅಂದರೆ ವಿಯೆನ್ನಾದ) ಶ್ನಿಟ್ಸೆಲ್ ಎಂದು ಬರೆದು ಮಾರಬೇಕಾದರೆ ಅದು ಎಳೆಗರುವಿನ ಮಾಂಸದ್ದೇ ಆಗಿರಬೇಕು, ಹಂದಿಮಾಂಸದ್ದಾದರೆ ಹಾಗೆಂದು ಹೆಸರಿನಲ್ಲೇ ತಿಳಿಸಬೇಕು.

ಸಿಪ್ಪೆತುರಿ

ಪ್ರಶ್ನೆಯ ಎರಡನೆಯ ಭಾಗವಾದ ನಿಂಬೆಯನ್ನು ಯಾರೂ ಪೂರ್ತಿಯಾಗಿ ಮುಟ್ಟಿಲ್ಲ. ಅಡುಗೆಮನೆಯಲ್ಲಿ ಹಿಂಡಿದ ನಿಂಬೆರಸ ಮೇಜಿಗೆ ಬರುವಷ್ಟರಲ್ಲಿ ಕವಚದೊಳಗೆ ಇಳಿದಿರುತ್ತದೆ. ಎಷ್ಟೇ ಚೆನ್ನಾಗಿ ಕರಿದಿದ್ದರೂ ಅದರಿಂದ ಗರಿ ಉಳಿಯುವುದಿಲ್ಲ. ಹಣ್ಣನ್ನು ಉದ್ದಕ್ಕೆ ಸೀಳಿ, ಬೀಜ ಮತ್ತು ನಡುವಿನ ಬಿಳಿ ನಾರು ತೆಗೆದು, ಪ್ರತಿಯೊಬ್ಬರ ತಟ್ಟೆಯಲ್ಲೂ ಒಂದೊಂದು ದೊಡ್ಡ ಹೋಳು ಇಡಬೇಕು. ತಿನ್ನುವವರು ತಮಗೆ ಬೇಕಾದ ಕಡೆ, ಮುಂದಿನ ತುತ್ತಿಗೆ ಬೇಕಾದಷ್ಟು ಹಿಂಡಿಕೊಳ್ಳಲಿ. ತುಪ್ಪದ ಜಿಡ್ಡು ನಾಲಗೆಗೆ ಭಾರವಾಗದಂತೆ ತಡೆಯುವುದು ಆ ಹುಳಿಯ ಕೆಲಸ, ಆ ಕೆಲಸ ನಡೆಯುವುದು ಬಾಯಲ್ಲಿ.

ಕರಿಯುವ ಮೊದಲೇ ನಿಂಬೆಯ ಪರಿಮಳ ಬೇಕೆನ್ನುವವರು ರಸವನ್ನು ಬಿಟ್ಟು ಸಿಪ್ಪೆಯನ್ನು ಬಳಸಬಹುದು. ಹಳದಿ ಭಾಗವನ್ನು ಮಾತ್ರ ಸಣ್ಣಗೆ ತುರಿದು ಬ್ರೆಡ್ ಪುಡಿಯೊಂದಿಗೆ ಬೆರೆಸಿದರೆ, ಸಿಪ್ಪೆಯ ಎಣ್ಣೆಯಿಂದ ಪರಿಮಳ ಬರುತ್ತದೆ, ನೀರಿನ ಕಾಟವಿರುವುದಿಲ್ಲ. ಬಿಳಿ ಪದರ ಸೇರಿದರೆ ಕಹಿ.

ನಿಂಬೆಯ ಸಾರಿನಲ್ಲೇ ಮಾಂಸ ಹೊರಳಬೇಕು ಎಂಬುದು ನಿಮ್ಮ ಇಷ್ಟವಾದರೆ, ಅದಕ್ಕೆ ಇಟಲಿಯ ಪಿಕ್ಕಾತಾ ಎಂಬ ಬೇರೆಯೇ ಪಾಕವಿದೆ. ಅದರಲ್ಲಿ ಮೊಟ್ಟೆ, ಬ್ರೆಡ್ ಪುಡಿ ಇರುವುದಿಲ್ಲ. ತೆಳು ಹೋಳುಗಳಿಗೆ ಮೈದಾ ಮಾತ್ರ ಸವರಿ ಬೆಣ್ಣೆಯಲ್ಲಿ ಬೇಗ ಬೇಯಿಸಿ ತೆಗೆದು, ಅದೇ ಬಾಣಲೆಗೆ ನಿಂಬೆರಸ ಹಾಕಿ ತಳಕ್ಕಂಟಿದ್ದನ್ನು ಕೆರೆದು, ಕೊನೆಗೆ ತಣ್ಣನೆಯ ಬೆಣ್ಣೆ ಕೂಡಿಸಿ ಸಾರನ್ನು ಮಂದವಾಗಿಸುತ್ತಾರೆ. ಶ್ನಿಟ್ಸೆಲ್ ಕರಿದ ಬಾಣಲೆಯಲ್ಲಿ ಹೀಗೆ ಮಾಡಲು ಹೋಗಬೇಡಿ, ತಳದಲ್ಲಿರುವ ಸೀದ ಪುಡಿ ಸಾರನ್ನು ಕಹಿಯಾಗಿಸುತ್ತದೆ.

ಹದಪಾಕ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಸದ್ಯಕ್ಕೆ ವಿಯೆನ್ನಾದ ಉಬ್ಬಿದ ಕವಚವನ್ನೇ ಗುರಿಯಾಗಿಸಿಕೊಳ್ಳುತ್ತೇನೆ. ಒಂದು ಸಂದೇಹ ಮಾತ್ರ ಉಳಿದಿದೆ. ಅಗಲವಾದ ಹೋಳುಗಳಾದ್ದರಿಂದ ಬಾಣಲೆಯಲ್ಲಿ ಒಂದು ಸಲಕ್ಕೆ ಒಂದೇ ಹಿಡಿಯುತ್ತದೆ. ಆವಿ ಸಿಕ್ಕಿಕೊಳ್ಳುವುದರಿಂದ ಕಾಗದದ ಮೇಲೆ ಪೇರಿಸುವುದೂ ಸಲ್ಲದು, ಮೊದಲೇ ಲೇಪ ಕೊಟ್ಟಿಡುವುದೂ ಸಲ್ಲದು ಎಂದಾದರೆ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಬಿಸಿಯಾಗಿ ತಿನ್ನುವುದು ಹೇಗೆ?

ಮಂದಉರಿ

ಮಾಂಸವನ್ನು ತಟ್ಟಿ, ಹಾಳೆಗಳ ನಡುವೆ ಇಟ್ಟು, ಬೆಳಿಗ್ಗೆಯೇ ಫ್ರಿಜ್ಜಿನಲ್ಲಿಡಬಹುದು. ಮುಂಚಿತವಾಗಿ ಮಾಡಬಹುದಾದ ಕೆಲಸ ಅಷ್ಟೇ. ಕರಿಯುವ ಹೊತ್ತಿಗೆ ಮೂರು ತಟ್ಟೆಗಳನ್ನು ಒಲೆಯ ಪಕ್ಕದಲ್ಲಿ ಸಾಲಾಗಿಟ್ಟು, ಒಂದು ಹೋಳು ಬಾಣಲೆಯಲ್ಲಿರುವಾಗ ಮುಂದಿನದಕ್ಕೆ ಲೇಪ ಕೊಡಿ. ಒಂದು ಕೈ ಒಣಪುಡಿಗೆ, ಇನ್ನೊಂದು ಮೊಟ್ಟೆಗೆ ಎಂದು ಹಂಚಿಕೊಂಡರೆ ಬೆರಳುಗಳು ಹಿಟ್ಟಿನ ಉಂಡೆಗಳಾಗುವುದಿಲ್ಲ. ಇಬ್ಬರಿದ್ದರೆ ಇನ್ನೂ ಸುಲಭ, ಬಾಣಲೆ ತೂಗುವವರು ಅದರಿಂದ ಕಣ್ಣು ತೆಗೆಯಬೇಕಾಗಿಲ್ಲ.

ಕರಿದದ್ದನ್ನು ಕಾಗದದ ಮೇಲೆ ಎರಡೂ ಬದಿ ಒಂದೊಂದು ಸಲ ತಾಗಿಸಿ ಜಿಡ್ಡು ತೆಗೆದು, ಕೂಡಲೇ ತಂತಿಯ ಜಾಲರಿಯ ಮೇಲೆ ಬಿಡಿಬಿಡಿಯಾಗಿ ಇಡಿ. ಕಾಗದದ ಮೇಲೆಯೇ ಬಿಟ್ಟರೆ ಅಡಿಯಲ್ಲಿ ಸಿಕ್ಕಿಬಿದ್ದ ಆವಿ ನೀರಾಗುತ್ತದೆ, ನಿಮ್ಮ ಶ್ನಿಟ್ಸೆಲ್ಲಿನ ಅಡಿಬದಿ ಮೆತ್ತಗಾಗಲು ಇದೂ ಒಂದು ಕಾರಣ. ಜಾಲರಿಯನ್ನು 90 ಡಿಗ್ರಿಗೆ ಕಾಯಿಸಿದ ಓವನ್ನಿನಲ್ಲಿ ಇಟ್ಟರೆ ಹದಿನೈದು ನಿಮಿಷದವರೆಗೆ ಗರಿ ಉಳಿಯುತ್ತದೆ. ಮೇಲೆ ಮುಚ್ಚಳವಾಗಲಿ ಹಾಳೆಯಾಗಲಿ ಬೇಡ.

ಪ್ರತಿ ಹೋಳಿನ ನಂತರ ತುಪ್ಪದಲ್ಲಿ ಉದುರಿದ ಪುಡಿಯನ್ನು ಸಣ್ಣ ಜರಡಿಯಿಂದ ತೆಗೆಯುವುದನ್ನು ಮರೆಯಬೇಡಿ, ಇಲ್ಲವಾದರೆ ಮೂರನೆಯ ಹೋಳಿನ ಹೊತ್ತಿಗೆ ಕಪ್ಪು ಚುಕ್ಕೆಗಳು ಅಂಟತೊಡಗುತ್ತವೆ. ಮುಂದಿನದನ್ನು ಬಿಡುವ ಮೊದಲು ಮತ್ತೊಮ್ಮೆ ಚಿಟಿಕೆ ಪುಡಿ ಹಾಕಿ ಬಿಸಿಯನ್ನು ಪರೀಕ್ಷಿಸಿ. ಉಳಿದ ಮೊಟ್ಟೆ, ಮೈದಾ, ಪುಡಿ ಹಸಿ ಮಾಂಸ ತಾಗಿದವುಗಳಾದ್ದರಿಂದ ಎತ್ತಿಡದೆ ಚೆಲ್ಲಿಬಿಡಿ.