ಚೆನ್ನಾಗಿ ಒಣಗಿಸಿದ ಕಡಲೆಕಾಯಿಯಲ್ಲೂ ಅಫ್ಲಾಟಾಕ್ಸಿನ್ ಏಕೆ?

ಪ್ರಶ್ನೆ:
ಕಡಲೆಕಾಯಿಯನ್ನು ಕಿತ್ತ ಕೂಡಲೇ ಒಣಗಿಸಿದರೆ ಬೂಷ್ಟು ಹಿಡಿಯುವುದಿಲ್ಲ, ಹಾಗಾಗಿ ವಿಷವೂ ಸೇರುವುದಿಲ್ಲ ಎನ್ನುತ್ತಾರೆ. ಆದರೆ ಹಾಗೆ ಒಣಗಿಸಿದ, ನೋಡಲು ಶುಭ್ರವಾದ ಬೀಜದಲ್ಲೂ ಪರೀಕ್ಷೆಯಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಕಂಡುಬರುವುದುಂಟು. ಅದು ಎಲ್ಲಿಂದ ಬರುತ್ತದೆ? ಇದಕ್ಕೆ ಪರಿಹಾರವೆಂದು ಹೊಲಕ್ಕೆ ಮತ್ತೊಂದು ಶಿಲೀಂಧ್ರವನ್ನೇ ಎರಚುವುದು ಸರಿಯೇ?

ಉತ್ತರ 1:
ವಿಷ ಹುಟ್ಟುವುದು ಬಹುಪಾಲು ಕೊಯ್ಲಿಗೆ ಮೊದಲೇ. ಅದನ್ನು ತಯಾರಿಸುವ ಆಸ್ಪರ್ಜಿಲಸ್ ಫ್ಲೇವಸ್ ಮತ್ತು ಆಸ್ಪರ್ಜಿಲಸ್ ಪ್ಯಾರಾಸಿಟಿಕಸ್ ಎಂಬ ಶಿಲೀಂಧ್ರಗಳು (ಬೂಷ್ಟುಗಳು) ಬೆಚ್ಚನೆಯ ಪ್ರದೇಶಗಳ ಮಣ್ಣಿನಲ್ಲಿ ಸಹಜವಾಗಿಯೇ ಇರುತ್ತವೆ. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು, ಕಾಯಿಯ ಸುತ್ತಲಿನ ಮಣ್ಣು 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಕಾದರೆ, ಬೀಜದ ತೇವಾಂಶ ಇಳಿದು, ಶಿಲೀಂಧ್ರವನ್ನು ತಡೆಯಲು ಅದು ತಾನೇ ತಯಾರಿಸಿಕೊಳ್ಳುವ ರಕ್ಷಕ ರಾಸಾಯನಿಕಗಳು ನಿಂತುಹೋಗುತ್ತವೆ. ಶಿಲೀಂಧ್ರಕ್ಕೆ ಮಾತ್ರ ಆ ಒಣ ಸ್ಥಿತಿ ಅಡ್ಡಿಯಾಗುವುದಿಲ್ಲ. ಹುಳು ಕೊರೆದ ಕಾಯಿಗಳಲ್ಲಿ ಅದರ ಪ್ರವೇಶ ಇನ್ನೂ ಸುಲಭ. ಹೀಗಾಗಿ ಆ ಹಂತದಲ್ಲಿ ಕೊಡುವ ಒಂದು ನೀರು, ಕೊಯ್ಲಿನ ನಂತರದ ಎಷ್ಟೋ ಉಪಚಾರಗಳಿಗಿಂತ ಮೇಲು. ಒಣಗಿಸುವುದು ವಿಷ ಹೆಚ್ಚದಂತೆ ತಡೆಯುತ್ತದೆಯೇ ಹೊರತು ಈಗಾಗಲೇ ಇರುವುದನ್ನು ತೆಗೆಯುವುದಿಲ್ಲ.

ಉತ್ತರ 2:
ಪರೀಕ್ಷೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ವಿಷ ರಾಶಿಯಲ್ಲೆಲ್ಲ ಸಮನಾಗಿ ಹರಡಿರುವುದಿಲ್ಲ. ಕೆಲವೇ ಬೀಜಗಳಲ್ಲಿ ವಿಪರೀತವಾಗಿರುತ್ತದೆ. ಆದ್ದರಿಂದ ಒಂದು ಹಿಡಿ ಮಾದರಿಯನ್ನು ನಂಬಿ ಇಡೀ ರಾಶಿ ಶುದ್ಧವೆಂದಾಗಲಿ ಕೆಟ್ಟಿದೆಯೆಂದಾಗಲಿ ಹೇಳಲಾಗದು. ಮುರುಟಿದ, ಬಣ್ಣಗೆಟ್ಟ ಬೀಜಗಳನ್ನು ಆರಿಸಿ ತೆಗೆದರೆ ಪ್ರಮಾಣ ಬಹಳ ಇಳಿಯುತ್ತದೆ.

ಉತ್ತರ 3:
ಎರಡನೆಯ ಪ್ರಶ್ನೆಗೆ: ಆಸ್ಪರ್ಜಿಲಸ್ ಫ್ಲೇವಸ್‌ನ ಎಲ್ಲ ತಳಿಗಳೂ ಅಫ್ಲಾಟಾಕ್ಸಿನ್ ತಯಾರಿಸುವುದಿಲ್ಲ. ಆ ಶಕ್ತಿಯಿಲ್ಲದ ತಳಿಯನ್ನು, ಮೊಳೆಯದಂತೆ ಮಾಡಿದ ಧಾನ್ಯಕ್ಕೆ ಲೇಪಿಸಿ ಸಕಾಲದಲ್ಲಿ ಎರಚಿದರೆ, ಅದು ವಿಷಕಾರಿ ತಳಿಗಿಂತ ಮೊದಲೇ ಬೆಳೆಯಲ್ಲಿ ನೆಲೆಯೂರಿ ಜಾಗ ಹಿಡಿಯುತ್ತದೆ. ಅಮೆರಿಕದಲ್ಲಿ ಹತ್ತಿ ಬೆಳೆಗೆ ಎಎಫ್36 ಎಂಬ ತಳಿ 2003ರಲ್ಲಿ ನೋಂದಣಿಯಾಯಿತು; ಆಫ್ರಿಕಾದ ಹಲವು ದೇಶಗಳಲ್ಲಿ ಅಫ್ಲಾಸೇಫ್ ಹೆಸರಿನಲ್ಲಿ ಆಯಾ ದೇಶದ್ದೇ ತಳಿಗಳು ಬಳಕೆಯಲ್ಲಿವೆ. ನನ್ನ ದೃಷ್ಟಿಯಲ್ಲಿ ಇದು ಒಳ್ಳೆಯ ಮಾರ್ಗ, ಆದರೆ ಎರಚಿದ ಧಾನ್ಯದ ಮೇಲೆ ಶಿಲೀಂಧ್ರ ಬೆಳೆಯಲು ಮಣ್ಣಿನಲ್ಲಿ ಹಸಿ ಬೇಕು. ಒಣನೆಲದಲ್ಲಿ ಎರಚಿದರೆ ಹಣ ವ್ಯರ್ಥ.

ಪ್ರಶ್ನಿಸಿದವರು:
ಧನ್ಯವಾದಗಳು. ಹುರಿದರೆ ವಿಷ ಹೋಗುವುದಿಲ್ಲವೇ?

ಉತ್ತರ 1:
ಸ್ವಲ್ಪ ಮಟ್ಟಿಗೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಎಣ್ಣೆ ತೆಗೆದಾಗಲೂ ವಿಷದ ಹೆಚ್ಚಿನ ಭಾಗ ಹಿಂಡಿಯಲ್ಲೇ ಉಳಿಯುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತದ್ದು ಇಂಥ ಕಡಲೆಕಾಯಿ ಹಿಂಡಿಯಿಂದಲೇ. ಹಸುವಿಗೆ ಅದನ್ನು ತಿನ್ನಿಸಿದರೆ ಅಫ್ಲಾಟಾಕ್ಸಿನ್‌ನ ಬಿ1 ಎಂಬ ಬಗೆಯ ಒಂದು ಭಾಗ ಎಂ1 ಎಂಬ ಇನ್ನೊಂದು ಬಗೆಯಾಗಿ ಹಾಲಿಗೂ ಬರುತ್ತದೆ. ಆದ್ದರಿಂದ ಆರಿಸಿ ತೆಗೆದ ಕೆಟ್ಟ ಬೀಜಗಳನ್ನು ಮೇವಿಗೆ ಹಾಕಬೇಡಿ.