ಪಟ್ಟಿಯಲ್ಲಿ 43 ಹೆಸರಿವೆ, ಒಂದಕ್ಕೂ ಮನೆಯವರ ಒಪ್ಪಿಗೆ ಸಿಕ್ಕಿಲ್ಲ

ಕೇಳಿದವರು:

ಮುಂದಿನ ತಿಂಗಳು ಡೆಲಿವರಿ. ಮೊದಲ ಮಗು. ಗಂಡೋ ಹೆಣ್ಣೋ ಗೊತ್ತಿಲ್ಲ, ಹಾಗಾಗಿ ಎರಡಕ್ಕೂ ಹುಡುಕುತ್ತಾ ಫೋನಿನ ನೋಟ್ಸ್‌ನಲ್ಲಿ 43 ಹೆಸರು ಸೇರಿವೆ. ನನಗೆ ಯಾರೂ ಇಡದ ಹೆಸರು ಬೇಕು. ನಮ್ಮವರಿಗೆ ಚಿಕ್ಕದಾಗಿ, ಕರೆಯಲು ಸುಲಭವಾಗಿರಬೇಕು. ಅತ್ತೆಗೆ ಅವರ ಅಮ್ಮನ ಹೆಸರೇ ಆಗಬೇಕು, ಅದು ಜಾನಕಿ. ನಾದಿನಿ ದಿನಕ್ಕೆ ಮೂರು ಹೆಸರು ವಾಟ್ಸಾಪ್ ಮಾಡುತ್ತಾಳೆ, ಎಲ್ಲವೂ 'ಆನ್' ಅಂತಲೇ ಮುಗಿಯುತ್ತವೆ. ನೀವೆಲ್ಲ ಹೇಗೆ ಆರಿಸಿದಿರಿ? ಇಟ್ಟ ಮೇಲೆ ಬೇಜಾರಾಯಿತಾ? ಹಳೆಯ ಹೆಸರಿಟ್ಟರೆ ಮಗು ದೊಡ್ಡದಾದ ಮೇಲೆ ನಮ್ಮನ್ನು ಬೈಯುತ್ತದಾ? ಅನುಭವ ಇದ್ದವರು ಹೇಳಿ. ಸುಮ್ನೆ ಇನ್ನೊಂದು ಪಟ್ಟಿ ಮಾತ್ರ ಕಳಿಸಬೇಡಿ, ಪ್ಲೀಸ್.

ಎಂಟು ವರ್ಷದ ಮಗನ ಅಮ್ಮ:

'ಯಾರೂ ಇಡದ ಹೆಸರು' ಅಂತ ಓದಿದ ಕೂಡಲೇ ನಗು ಬಂತು, ತಪ್ಪು ತಿಳಿಯಬೇಡಿ. ಎಂಟು ವರ್ಷದ ಹಿಂದೆ ನಾನೂ ಇದನ್ನೇ ಹೇಳಿಕೊಂಡು ಓಡಾಡುತ್ತಿದ್ದೆ. ಮೂರು ತಿಂಗಳು ತಲೆ ಕೆಡಿಸಿಕೊಂಡು, ಎರಡೂ ಕಡೆಯ ಬಳಗದಲ್ಲಿ ಯಾರಿಗೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ವಿಹಾನ್ ಅಂತ ಇಟ್ಟೆ. ಬಳಗದಲ್ಲಿ ಇರಲಿಲ್ಲ, ನಿಜ. ಎಲ್‌ಕೆಜಿಯ ಮೊದಲ ದಿನ ಗೇಟಿನ ಹತ್ತಿರ ನಿಂತು 'ವಿಹಾನ್' ಅಂತ ಕೂಗಿದೆ. ಮೂರು ಮಕ್ಕಳು ತಿರುಗಿ ನೋಡಿದರು. ನನ್ನ ಮಗ ಮಾತ್ರ ತಿರುಗಲಿಲ್ಲ, ಯಾಕೆಂದರೆ ಮನೆಯಲ್ಲಿ ಅವನನ್ನು ಯಾರೂ ಹಾಗೆ ಕರೆಯುವುದೇ ಇಲ್ಲ, ಎಲ್ಲರಿಗೂ ಅವನು ಪುಟ್ಟ.

ನಾನು ಎಡವಿದ್ದು ಎಲ್ಲಿ ಅಂತ ಆಮೇಲೆ ಹೊಳೆಯಿತು. ನಾವು ನೋಡುವುದು ಬಳಗದಲ್ಲಿ ಈ ಹೆಸರು ಇದೆಯಾ ಅಂತ. ಬಳಗದಲ್ಲಿರುವವರೆಲ್ಲ ಮಗುವಿಗಿಂತ ಇಪ್ಪತ್ತು ಮೂವತ್ತು ವರ್ಷ ದೊಡ್ಡವರು. ಅವರಲ್ಲಿ ಹೊಸ ಹೆಸರು ಎಲ್ಲಿಂದ ಇರಬೇಕು? ಮಗು ಬೆಳೆಯುವುದು ತನ್ನ ವಯಸ್ಸಿನವರ ಜೊತೆ. ಹತ್ತಿರದ ಪ್ಲೇಸ್ಕೂಲಿನ ಬಾಗಿಲಲ್ಲಿ ಮನೆಗೆ ಬಿಡುವ ಹೊತ್ತಿಗೆ ಐದು ನಿಮಿಷ ನಿಂತು ಕಿವಿ ಕೊಟ್ಟಿದ್ದರೆ ಸಾಕಿತ್ತು.

ಬೇಜಾರಿಲ್ಲ. ಈಗ ಕ್ಲಾಸಿನಲ್ಲಿ ಅವನು 'ವಿಹಾನ್ ಕೆ'. ಇನ್ನೊಬ್ಬನಿಗೆ 'ದೊಡ್ಡ ವಿಹಾನ್' ಅಂತಾರೆ. ಅವನು ಇಡೀ ಕ್ಲಾಸಿಗೇ ಕುಳ್ಳ, ಆ ಬಿರುದು ಹೇಗೆ ಬಂತೋ ಏನೋ.

ರಾತ್ರಿ ನಿದ್ದೆ ಬಿಟ್ಟು ಅಂಕಿ ಓದಿದ ಅಪ್ಪ:

ಮಗಳು ಹುಟ್ಟುವ ಮುಂಚೆ ನಾನು ಹೆಸರುಗಳ ಅಂಕಿಅಂಶ ನೋಡುತ್ತಾ ರಾತ್ರಿ ಎರಡು ಗಂಟೆವರೆಗೆ ಕೂರುತ್ತಿದ್ದೆ. ಇದೊಂಥರಾ ಹುಚ್ಚು ಅಂತ ಹೆಂಡತಿ ಹೇಳಿದಳು, ಒಪ್ಪುತ್ತೇನೆ. ಅಮೆರಿಕದ ಸೋಷಿಯಲ್ ಸೆಕ್ಯುರಿಟಿಯವರ (ಅಲ್ಲಿ ಪಿಂಚಣಿ ನೋಡಿಕೊಳ್ಳುವ ಸರ್ಕಾರಿ ಇಲಾಖೆ) ಹತ್ತಿರ 1880ರಿಂದ ಈಚೆಗೆ ಯಾವ ವರ್ಷ ಯಾವ ಹೆಸರು ಎಷ್ಟು ಮಕ್ಕಳಿಗೆ ಇಟ್ಟರು ಅನ್ನುವ ಪಟ್ಟಿ ಇದೆ, ಯಾರು ಬೇಕಾದರೂ ತೆಗೆದು ನೋಡಬಹುದು. 1880ರಲ್ಲಿ ನೂರು ಗಂಡುಮಕ್ಕಳಲ್ಲಿ ಎಂಟು ಮಂದಿ ಜಾನ್. ಈಚಿನ ವರ್ಷಗಳಲ್ಲಿ ಮೊದಲ ಸ್ಥಾನದಲ್ಲಿರುವ ಲಿಯಮ್ ನೂರಕ್ಕೆ ಹೆಚ್ಚುಕಮ್ಮಿ ಒಬ್ಬ. ಅಂದರೆ ಜನ ನಿಜವಾಗಿಯೂ ಬೇರೆ ಬೇರೆ ಹೆಸರು ಇಡುತ್ತಿದ್ದಾರೆ.

ಹಾಗಿದ್ದರೆ ಎಲ್ಲ ಮಕ್ಕಳ ಹೆಸರೂ ಒಂದೇ ಥರ ಕೇಳಿಸುವುದು ಯಾಕೆ? ಹೆಸರು ಬೇರೆ, ಸದ್ದು ಒಂದೇ. ಅಲ್ಲಿ 2009ರ ಸುಮಾರಿಗೆ ಏಡನ್, ಜೇಡನ್, ಹೇಡನ್, ಬ್ರೇಡನ್, ಕೇಡನ್ ಎಲ್ಲವೂ ಒಟ್ಟಿಗೆ ಮೊದಲ ನೂರರೊಳಗೆ ಇದ್ದವು. ಒಬ್ಬೊಬ್ಬರನ್ನೂ ಕೇಳಿದ್ದರೆ 'ನಮ್ಮದು ಬೇರೆ ಹೆಸರು' ಅಂತಲೇ ಹೇಳುತ್ತಿದ್ದರು. ನಿಮ್ಮ ನಾದಿನಿ ಕಳಿಸುವ ಇಶಾನ್, ಅಯಾನ್, ರೇಯಾನ್, ಕಿಯಾನ್, ವಿವಾನ್ ಇದೇ ಕಥೆ. ನಮ್ಮ ಅಪ್ಪಂದಿರ ಕಾಲದಲ್ಲಿ ಇದೇ ಜಾಗದಲ್ಲಿ 'ಏಶ' ಕೂತಿತ್ತು: ರಮೇಶ, ಸುರೇಶ, ಮಹೇಶ, ದಿನೇಶ, ಉಮೇಶ, ಲೋಕೇಶ. ಆಗಲೂ ಯಾರೂ ಕೂತು ಮಾತಾಡಿಕೊಂಡು ಇಟ್ಟದ್ದಲ್ಲ. ಯಾವುದೋ ಒಂದು ಸದ್ದು ಕಿವಿಗೆ ಹೊಸದು ಅನ್ನಿಸುತ್ತದೆ, ಆದರೆ ಅದು ನಿಮ್ಮೊಬ್ಬರ ಕಿವಿಗಲ್ಲ, ನಿಮ್ಮ ವಯಸ್ಸಿನವರೆಲ್ಲರ ಕಿವಿಗೂ ಒಂದೇ ಸಲ ಅನ್ನಿಸುತ್ತದೆ. ನನ್ನ ಪ್ರಕಾರ ಇದರಿಂದ ತಪ್ಪಿಸಿಕೊಳ್ಳುವುದು ಕಷ್ಟ, ಯಾಕೆಂದರೆ ನಮಗೆ ಇಷ್ಟವಾಗುವ ರೀತಿಯೇ ಫ್ಯಾಷನ್ನು.

ಜಾನಕಿ ವಿಷಯ. ಅದೇ ಪಟ್ಟಿಯಲ್ಲಿ ಜೆನ್ನಿಫರ್ 1970ರಿಂದ 1984ರವರೆಗೆ ಸತತ 15 ವರ್ಷ ಮೊದಲ ಸ್ಥಾನದಲ್ಲಿತ್ತು, ಆಮೇಲೆ ಇಳಿದದ್ದು ಇಳಿದದ್ದೇ. ಎಮ್ಮಾ ಇದಕ್ಕೆ ಉಲ್ಟಾ. 1880ರಲ್ಲಿ ಮೂರನೆಯದು, 1970ರ ದಶಕದಲ್ಲಿ ನಾನೂರರ ಆಚೆ ಬಿದ್ದಿತ್ತು, 2008ರಲ್ಲಿ ನೋಡಿದರೆ ಮೊದಲನೆಯದು! ನಮ್ಮಲ್ಲೂ ಗೌರಿ, ತಾರಾ, ಮೀರಾ ಹೇಗೆ ವಾಪಸ್ ಬಂದವು ನೋಡಿ. ಅಮ್ಮನ ಹೆಸರು ಹಳೇದು ಅನ್ನಿಸುತ್ತದೆ, ಅಜ್ಜಿಯದು ಇನ್ನೂ ಹಳೇದು, ಮುತ್ತಜ್ಜಿಯದು ಮಾತ್ರ ಇದ್ದಕ್ಕಿದ್ದಂತೆ ಚೆಂದ. ಮುತ್ತಜ್ಜಿಯನ್ನು ನಾವು ನೋಡಿರುವುದಿಲ್ಲ, ಹಾಗಾಗಿ ಆ ಹೆಸರಿಗೆ ನಮ್ಮ ತಲೆಯಲ್ಲಿ ಮುಖ ಇರುವುದಿಲ್ಲ. ಸುಶೀಲಾ, ಸರೋಜ, ವಿಮಲಾ ಇನ್ನೂ ಸರದಿಯಲ್ಲಿ ನಿಂತಿವೆ. ನಿಮ್ಮ ಅತ್ತೆಯ ಅಮ್ಮ ನಿಮ್ಮ ಮಗುವಿಗೆ ಮುತ್ತಜ್ಜಿ ತಾನೇ? ಹೆಸರು ಸರಿಯಾದ ದೂರದಲ್ಲೇ ಇದೆ.

ಇಷ್ಟೆಲ್ಲ ಓದಿದವನು ಮಗಳಿಗೆ ಏನಿಟ್ಟೆ ಅಂತ ಕೇಳುತ್ತೀರಿ. ಅನನ್ಯ. 'ಇಂಥದ್ದು ಇನ್ನೊಂದಿಲ್ಲ' ಅಂತ ಅರ್ಥ. ಅವಳ ಕ್ಲಾಸಿನಲ್ಲಿ ಇಬ್ಬರಿದ್ದಾರೆ.

ಪ್ರೈಮರಿ ಟೀಚರ್:

ಹಾಜರಿ ಕರೆಯುವವಳ ಕಷ್ಟವನ್ನೂ ಸ್ವಲ್ಪ ಕೇಳಿ. ಒಂದು ವರ್ಷ ನನ್ನ ಕ್ಲಾಸಿನಲ್ಲಿ ಇಂಗ್ಲಿಷಿನ 'ಎ' ಅಕ್ಷರದವರೇ ಹದಿನಾಲ್ಕು ಮಂದಿ. ಆರವ್, ಆರ್ಯ, ಆದ್ಯ, ಆದ್ವಿಕ್, ಆರಾಧ್ಯ, ಅನ್ವಿ, ಅದ್ವಿತ್... ಪುಸ್ತಕದ ಮೊದಲ ಪುಟ ಪೂರ್ತಿ ಅವರೇ. ಓದಿಸಲು, ಬೋರ್ಡಿಗೆ ಕರೆಯಲು, ಪ್ರಶ್ನೆ ಕೇಳಲು ಯಾವಾಗಲೂ ಮೊದಲು ಸಿಗುವುದು ಅವರೇ. ಇದು ಅನ್ಯಾಯ ಅನ್ನಿಸಿ ಒಂದು ದಿನ ಕೊನೆಯಿಂದ ಕರೆಯಲು ಶುರು ಮಾಡಿದೆ. ಯಶ್ ಪಾಪ, ಹಿಂದಿನ ಬೆಂಚಿನಲ್ಲಿ ಟಿಫಿನ್ ಡಬ್ಬಿ ತೆರೆದು ಕೂತಿದ್ದ, ಗಾಬರಿಯಾಗಿ ಡಬ್ಬಿ ಹಿಡಿದುಕೊಂಡೇ ಎದ್ದು ನಿಂತ. ನನಗೊಂದು ಅನುಮಾನ. ಹೆಸರಿನ ಪಟ್ಟಿ ತೆರೆಯುವ ಅಪ್ಪ ಅಮ್ಮ ಮೊದಲ ಪುಟದಲ್ಲೇ ಸುಸ್ತಾಗಿ ಬಿಡುತ್ತಾರಾ ಅಂತ.

ಸ್ಪೆಲ್ಲಿಂಗ್ ಬಗ್ಗೆ ಒಂದೇ ಮಾತು. ಹೆಸರು ಸಾಮಾನ್ಯ ಅಂತ ಅದಕ್ಕೆ ಇಂಗ್ಲಿಷಿನಲ್ಲಿ ಎರಡು 'ಎ', ಒಂದು 'ಎಚ್', ಕೊನೆಗೊಂದು 'ವೈ' ಅಂಟಿಸಿ ವಿಶೇಷ ಮಾಡಬೇಡಿ. ಕರೆಯುವಾಗ ಅದು ಕೇಳಿಸುವುದಿಲ್ಲ. ಫಾರ್ಮ್ ತುಂಬುವಾಗ ಮಾತ್ರ ತಪ್ಪಾಗುತ್ತದೆ.

ಇನ್ನೊಂದು, ಹೇಳಲು ಸ್ವಲ್ಪ ನಾಚಿಕೆ. ನಾವು ಟೀಚರುಗಳೂ ಹೆಸರು ನೋಡಿ ಮಗು ಹೀಗೇ ಇರುತ್ತದೆ ಅಂದುಕೊಳ್ಳುತ್ತೇವೆ. ಜರ್ಮನಿಯಲ್ಲಿ 1991ರಲ್ಲಿ ಗಂಡುಮಕ್ಕಳಿಗೆ ಎಲ್ಲಕ್ಕಿಂತ ಜಾಸ್ತಿ ಇಟ್ಟ ಹೆಸರು ಕೆವಿನ್. ಆ ಮಕ್ಕಳು ದೊಡ್ಡವರಾಗುವಷ್ಟರಲ್ಲಿ ಅದು ಜನ ನಗುವ ಹೆಸರಾಗಿತ್ತು. 2009ರಲ್ಲಿ ಓಲ್ಡನ್‌ಬುರ್ಗ್ ವಿಶ್ವವಿದ್ಯಾಲಯದ ಒಂದು ಅಧ್ಯಯನದಲ್ಲಿ ಪ್ರೈಮರಿ ಶಿಕ್ಷಕರನ್ನು ಕೇಳಿದಾಗ, ಕೆವಿನ್ ಅಂದರೆ ತಂಟೆಕೋರ, ಓದಿನಲ್ಲಿ ಹಿಂದೆ ಅನ್ನುವ ಭಾವನೆ ಎದ್ದು ಕಂಡಿತು. ಓದಿದಾಗ ನನ್ನ ಎದೆ ಧಸಕ್ಕೆಂದಿತು. ರೋಹಿತ್ ಅನ್ನುವ ಹುಡುಗರೆಲ್ಲ ಕಿಟಕಿ ಗಾಜು ಒಡೆಯುತ್ತಾರೆ ಅಂತ ನಾನೂ ಎಷ್ಟೋ ವರ್ಷ ನಂಬಿದ್ದೆ. ಒಡೆದದ್ದು ಒಬ್ಬನೇ ರೋಹಿತ್, ಅದೂ ಒಂದೇ ಸಲ.

ಅಜ್ಜಿಯ ಹೆಸರು ಹೊತ್ತವಳು:

ಮಗು ಬೈಯುತ್ತದಾ ಅಂತ ಕೇಳಿದ್ದೀರಲ್ಲ, ಆ ಮಗು ನಾನೇ. ನನ್ನ ವಯಸ್ಸಿನವರೆಲ್ಲ ದಿವ್ಯಾ, ಪೂಜಾ, ರಮ್ಯಾ, ಕಾವ್ಯಾ ಆಗಿರುವಾಗ ನಾನು ಭಾಗೀರಥಿ. ಏಳನೇ ಕ್ಲಾಸಿನಲ್ಲಿ ಹುಡುಗರು 'ಅಜ್ಜೀ, ಕೋಲು ಎಲ್ಲಿ' ಅಂತ ಹಿಂದೆ ಬೀಳುತ್ತಿದ್ದರು. ಒಂದು ದಿನ ಅತ್ತುಕೊಂಡು ಮನೆಗೆ ಬಂದು, ಹೆಸರು ಬದಲಾಯಿಸಿ ಅಂತ ಅಪ್ಪನ ಹತ್ತಿರ ಹಟ ಹಿಡಿದೆ. ಅಪ್ಪ ಬೈಯಲಿಲ್ಲ. 'ಸರಿ, ಯಾವ ಹೆಸರು ಬೇಕು ಹೇಳು' ಅಂದರು. ದಿವ್ಯಾ ಅಂದೆ. ಆಗ ಕ್ಲಾಸಿನಲ್ಲಿ ನಾಲ್ಕು ದಿವ್ಯಾ ಇದ್ದರು, ಐದನೆಯವಳಾಗಲು ನಾನು ತಯಾರಾಗಿದ್ದೆ. 'ಪರೀಕ್ಷೆ ಮುಗಿಯಲಿ, ನೋಡೋಣ' ಅಂದರು. ಪರೀಕ್ಷೆ ಮುಗಿದ ಮೇಲೆ ಇಬ್ಬರಿಗೂ ಮರೆತುಹೋಯಿತು.

ಕೆಲಸಕ್ಕೆ ಸೇರಿದ ಮೇಲೆ ಎಲ್ಲ ತಿರುಗಿತು. ಆಫೀಸಿನ ದಿವ್ಯಾಗಳ ಮೇಲ್ ಒಬ್ಬರದು ಇನ್ನೊಬ್ಬರಿಗೆ ಹೋಗುತ್ತದೆ, ನನ್ನದು ನನಗೇ ಬರುತ್ತದೆ. ಒಮ್ಮೆ ಪರಿಚಯವಾದವರು ಎರಡು ವರ್ಷ ಬಿಟ್ಟು ಸಿಕ್ಕರೂ ಹೆಸರು ಹಿಡಿದು ಮಾತಾಡಿಸುತ್ತಾರೆ. ಈಗ ಯಾರಾದರೂ ಚೆಂದದ ಹೆಸರು ಅಂದರೆ ನನ್ನದೇ ಸಾಧನೆ ಅನ್ನುವ ಹಾಗೆ ತಲೆ ಆಡಿಸುತ್ತೇನೆ. ಆದರೆ ಹನ್ನೆರಡರಿಂದ ಇಪ್ಪತ್ತರವರೆಗೆ ಕಷ್ಟ ಆಗಿದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಉದ್ದದ ಹಳೆಯ ಹೆಸರಿಟ್ಟರೆ ಹೊರಗೆ ಹೇಳಿಕೊಳ್ಳಲು ಒಂದು ಚಿಕ್ಕ ಹೆಸರನ್ನೂ ಜೊತೆಗೇ ಕೊಟ್ಟು ಬಿಡಿ. ನನಗೆ ಅದು ಇರಲಿಲ್ಲ.

ಅಜ್ಜಿಯ ಹೆಸರನ್ನು ಹೇಗೋ ಹೊರಬಹುದು. ಹೊರಲು ಆಗದ್ದು ಹೆತ್ತವರ ತಮಾಷೆ. ನ್ಯೂಜಿಲೆಂಡಿನಲ್ಲಿ 2008ರಲ್ಲಿ ಸುದ್ದಿಯಾಗಿತ್ತು, ನಿಮಗೂ ನೆನಪಿರಬಹುದು. ಒಂಬತ್ತು ವರ್ಷದ ಹುಡುಗಿಗೆ ಹವಾಯಿಯ ಹುಲಾ ಕುಣಿತದ ಮೇಲೆ ಒಂದು ಇಡೀ ವಾಕ್ಯವನ್ನೇ ಹೆಸರಾಗಿ ಇಟ್ಟಿದ್ದರು. ಅವಳು ಸ್ನೇಹಿತರಿಗೆ ನಿಜವಾದ ಹೆಸರು ಹೇಳುತ್ತಲೇ ಇರಲಿಲ್ಲ, 'ಕೆ' ಅಂತ ಕರೆಯಿರಿ ಅಂದುಬಿಟ್ಟಿದ್ದಳು. ಕೊನೆಗೆ ಹೆಸರು ಬದಲಾಗಲಿ ಅಂತಲೇ ಕೋರ್ಟು ಅವಳನ್ನು ತನ್ನ ಪಾಲನೆಗೆ ತೆಗೆದುಕೊಂಡಿತು.

ಪ್ರೂಫ್ ತಿದ್ದುವ ಮಾವ:

ಎಲ್ಲರೂ ಅರ್ಥ ನೋಡುತ್ತೀರಿ, ಸ್ಪೆಲ್ಲಿಂಗ್ ನೋಡುತ್ತೀರಿ. ಹೆಸರಿಗೆ ವಿಭಕ್ತಿ ಹಚ್ಚಿ ನೋಡಿದಿರಾ? ಐಸ್‌ಲ್ಯಾಂಡಿನಲ್ಲಿ 1991ರಿಂದ ಹೆಸರುಗಳಿಗೆಂದೇ ಒಂದು ಸಮಿತಿ ಇದೆ. ಹೊಸ ಹೆಸರು ಬಂದರೆ ಅವರು ಕೇಳುವ ಒಂದು ಪ್ರಶ್ನೆ, ಇದು ನಮ್ಮ ಭಾಷೆಯ ವಿಭಕ್ತಿ ಪ್ರತ್ಯಯ ತಗೊಳ್ಳುತ್ತದಾ ಅಂತ. ಸರ್ಕಾರ ಇದರಲ್ಲಿ ಕೈ ಹಾಕಬೇಕಾ ಅನ್ನುವುದು ಬೇರೆ ಚರ್ಚೆ, ಆದರೆ ಪ್ರಶ್ನೆ ಮಾತ್ರ ಒಳ್ಳೆಯದು. ಯಾಕೆಂದರೆ ಹೆಸರನ್ನು ನಾವು ಬರೀ ಹೆಸರಾಗಿ ಹೇಳುವುದು ಕಡಿಮೆ. ಜಾನಕಿಗೆ ಹೇಳು. ತಾರಾಳನ್ನು ಕರಿ. ಅರ್ಜುನನ ಚಪ್ಪಲಿ ಎಲ್ಲಿ. ಇವೆಲ್ಲ ನಾಲಿಗೆಯ ಮೇಲೆ ನೀರಿನ ಹಾಗೆ ಹರಿಯುತ್ತವೆ. ಈಗ 'ರುದ್ರಾಂಶ್‌ನನ್ನು ಕರಿ' ಅಂತ ಬೇಗ ಬೇಗ ಮೂರು ಸಲ ಹೇಳಿ. ನಾಲಿಗೆ ಎಡವಿತು, ಅಲ್ವಾ? ಮನೆಯ ಹಿರಿಯರು ಇದಕ್ಕೆ ಬಹಳ ಹಿಂದೆಯೇ ಪರಿಹಾರ ಕಂಡುಕೊಂಡಿದ್ದಾರೆ, ಕೊನೆಗೆ ಒಂದು 'ಉ' ಹಚ್ಚಿಬಿಡುತ್ತಾರೆ. ಸುನೀಲ್ ಸುನೀಲು ಆದ, ಸಂತೋಷ್ ಸಂತೋಷು ಆದ. ನೀವು ಏನೇ ಇಟ್ಟರೂ ಬಾಯಿ ತನಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತದೆ. ತಿದ್ದಿದ ಮೇಲೂ ನಿಮಗೆ ಇಷ್ಟವಾಗುತ್ತದಾ ನೋಡಿ.

ಇನ್ನೊಂದು ಪರೀಕ್ಷೆ: ಸಿಟ್ಟಿನಲ್ಲಿ ಕೂಗಿ ನೋಡಿ. ಮುದ್ದಿನಿಂದ ಕರೆದರೆ ಯಾವ ಹೆಸರೂ ಚೆಂದವೇ. ಮುಂದಿನ ಹದಿನೈದು ವರ್ಷ ನೀವು ಕರೆಯುವುದರಲ್ಲಿ ಅರ್ಧಕ್ಕರ್ಧ ಗದರಿಕೆಯೇ ಇರುತ್ತದೆ.

ಹತ್ತು ನಿಮಿಷದಲ್ಲಿ ಇಟ್ಟವರು:

ನಾವು ಇಷ್ಟೆಲ್ಲ ಯೋಚಿಸಲಿಲ್ಲ. ಪೂಜಾ ಅಂತ ಇಟ್ಟೆವು, ಮುಗಿಯಿತು. ಎಲ್ಲರಿಗೂ ಇರುವ ಹೆಸರು ಅಂತ ಮೂಗು ಮುರಿಯಬೇಡಿ. ಯಾರೂ ಸ್ಪೆಲ್ಲಿಂಗ್ ಕೇಳುವುದಿಲ್ಲ, ಯಾರೂ ಅರ್ಥ ಕೇಳುವುದಿಲ್ಲ, ಯಾರೂ ತಪ್ಪು ಉಚ್ಚರಿಸುವುದಿಲ್ಲ. ಅದೂ ಒಂದು ನೆಮ್ಮದಿ.

ಎಷ್ಟು ಲೆಕ್ಕ ಹಾಕಿದರೂ ಮುಂದೆ ಏನಾಗುತ್ತದೆ ಅಂತ ಯಾರಿಗೆ ಗೊತ್ತು? 2015ರಲ್ಲಿ ಅಮೆರಿಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಅಲೆಕ್ಸಾ ಅಂತ ಇಟ್ಟಿದ್ದರು. ಅಷ್ಟರಲ್ಲಿ ಅಲೆಕ್ಸಾ ಅಂತ ಕರೆದರೆ ಓಗೊಡುವ ಅಮೆಜಾನ್‌ನವರ ಮಾತಾಡುವ ಡಬ್ಬಿ ಮನೆಮನೆಗೆ ಬಂತು, ಆ ಹೆಸರು ದಬದಬ ಇಳಿಯಿತು. ಪಾಪ ಆ ಅಪ್ಪ ಅಮ್ಮ ಏನು ತಪ್ಪು ಮಾಡಿದ್ದರು? ಮಗಳನ್ನು ಕರೆದರೆ ಡಬ್ಬಿ 'ಏನು' ಅನ್ನುತ್ತದೆ.

ಕೇಳಿದವರು, ಎರಡು ದಿನ ಬಿಟ್ಟು:

ಎಲ್ಲರಿಗೂ ಥ್ಯಾಂಕ್ಸ್. 43 ಈಗ 5 ಆಗಿದೆ. ವಿಭಕ್ತಿ ಪರೀಕ್ಷೆಯಲ್ಲೇ ಇಪ್ಪತ್ತು ಹೋದವು. ನಾದಿನಿ ಸಿಟ್ಟಾಗಿ ಗ್ರೂಪ್‌ನಿಂದ ಹೊರಗೆ ಹೋಗಿದ್ದಳು, ಮತ್ತೆ ಬಂದಿದ್ದಾಳೆ.

ಸಿಟ್ಟಿನ ಪರೀಕ್ಷೆಯನ್ನು ನಿನ್ನೆ ರಾತ್ರಿ ಮಾಡಿದೆವು. ನಮ್ಮವರು ನಡುಮನೆಯಲ್ಲಿ ನಿಂತು ಪೂರ್ತಿ ಗಂಟಲು ಬಿಟ್ಟು 'ಜಾನಕೀ! ಇಳಿ ಕೆಳಗೆ! ಎಷ್ಟು ಸಲ ಹೇಳಬೇಕು!' ಅಂತ ಕೂಗಿದರು. ಒಳಗೆ ಮಲಗಿದ್ದ ಅತ್ತೆ ಧಡಕ್ಕನೆ ಎದ್ದು ಬಂದು, 'ಯಾರೋ ಅದು ನಮ್ಮಮ್ಮನನ್ನು ಗದರುತ್ತಿರುವುದು' ಅಂದರು. ವಿಷಯ ಹೇಳಿದ ಮೇಲೆ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ, 'ಹೌದಲ್ಲ, ಮಗು ತಂಟೆ ಮಾಡಿದರೆ ನಾನು ಬೈಯುವುದು ಹೇಗೆ, ಅಮ್ಮನ ಹೆಸರು ಹಿಡಿದು ಬೈಯಲು ನನಗೆ ಬಾಯಿ ಬರುವುದಿಲ್ಲ' ಅಂದರು. ತಮಾಷೆ ಅಂದರೆ, ಅವರು ಬೇಡ ಅಂದ ಮೇಲೆ ನನಗೆ ಆ ಹೆಸರು ಇಷ್ಟವಾಗಲು ಶುರುವಾಗಿದೆ. ಹೆಣ್ಣಾದರೆ ದಾಖಲೆಯಲ್ಲಿ ಜಾನಕಿ, ಬೈಯಲು ಜಾನು ಅಂತ ಸದ್ಯಕ್ಕೆ ರಾಜಿ ಆಗಿದೆ.

ಗಂಡಾದರೆ ಏನು ಅಂತ ಕೇಳಬೇಡಿ. ಉಳಿದ ನಾಲ್ಕೂ 'ಆನ್'.